ಅಂದಾನೆಪ್ಪನ ಬೋಟಿಗೆ ಹೊಸ ಎಣ್ಣೆ

ಗಲಗಲಿಯ ಅಂದಾನೆಪ್ಪ ಕೃಷ್ಣೆಯಲ್ಲಿ ಮೋಟಾರು ಬೋಟು ಬಿಟ್ಟ ಮೇಲೆ ಜಗತ್ತಿನಲ್ಲಿ ಅವನಿಗೆ ಗೊತ್ತಿಲ್ಲದ ವಿಷಯವೇ ಉಳಿಯಲಿಲ್ಲ. ಆಚೆ ದಡದಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದ ಅವನ ಹೆಂಡತಿಯ ತಮ್ಮ ಗಿರಮಲ್ಲಪ್ಪನಿಗಂತೂ ಬೋಟು ಬರುವ ಮೊದಲೇ ಎಲ್ಲವೂ ಗೊತ್ತಿತ್ತು. ಎಪ್ಪತ್ತರ ದಶಕದ ಒಂದು ಚಳಿಗಾಲದಲ್ಲಿ ಇಂಥ ಇಬ್ಬರು ಪಂಡಿತರು ಒಂದೇ ಎಂಜಿನ್ನಿನ ಎಣ್ಣೆ ಬದಲಿಸಲು ಕೂತರು.

ಅಂದು ಗಿರಮಲ್ಲಪ್ಪನ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ. ಹೆಸರಿಡಬೇಕಾದ ಸೋದರತ್ತೆ, ತನ್ನಕ್ಕ ಹಾಲವ್ವನನ್ನು ಕರೆದೊಯ್ಯಲು ಅವನು ಬೆಳಿಗ್ಗೆಯೇ ಬಂದಿದ್ದ.

"ಹೊಸಾ ಎಣ್ಣಿ ಹಾಕ್ಕೊಂಡ ಹೋಗೂಣು. ಶುಭಕಾರ್ಯ ಐತಿ," ಎಂದ ಅಂದಾನೆಪ್ಪ. ಊರವರು ನೋಡಲೆಂದೇ ಅವನು ಬೋಟಿನಲ್ಲಿ ಎಣ್ಣೆ ಡಬ್ಬಿಗಳ ಸಾಲನ್ನೇ ಇಟ್ಟಿದ್ದ.

ಎಂಜಿನ್ನು ಇದ್ದದ್ದು ಬೋಟಿನ ಹೊಟ್ಟೆಯೊಳಗೆ, ಹಲಗೆಗಳ ಕೆಳಗೆ. ಅದರ ತಳಕ್ಕೆ ಕೈ ಹೋಗುವುದಿಲ್ಲ. ಅಳತೆಕಡ್ಡಿಯ ತೂತಿನಲ್ಲಿ ನಳಿಗೆ ಇಳಿಸಿ ಕೈಪಂಪಿನಿಂದ ಹಳೆ ಎಣ್ಣೆ ಎಳೆಯಬೇಕು.

"ಮಾಮಾ, ಮೊದಲ ಎಂಜಿನ್ ಚಾಲೂ ಮಾಡ್ರಿ. ಬಿಸಿ ಆದ್ರ ಎಣ್ಣಿ ತೆಳ್ಳಗ ಆಗ್ತೈತಿ," ಎಂದ ಗಿರಮಲ್ಲಪ್ಪ.

"ನನಗ ಕಲಿಸ್ತೀಯೇನಲೇ? ಇದು ನಿನ್ನ ಗಿರಣಿ ಅಲ್ಲ."

ತಣ್ಣಗಿನ ಎಣ್ಣೆ ಅಂದಾನೆಪ್ಪನ ಮುಖ ನೋಡಿ ಮೇಲೇಳಲಿಲ್ಲ. ಬೆವರಿಳಿಯುವಂತೆ ಎಳೆದರೂ ಬಂದದ್ದು ಜೇನಿನಂಥ ಒಂದೆಳೆ. ಕೊನೆಗೆ, ದಡದಲ್ಲಿ ಹೊಸ ಇಳಕಲ್ ಸೀರೆಯುಟ್ಟು ನಿಂತಿದ್ದ ಹಾಲವ್ವ ಗದರಿದ ಮೇಲೆ ಎಂಜಿನ್ನು ಚಾಲೂ ಆಯಿತು, ಬಿಸಿಯಾಯಿತು, ಕಾಡಿಗೆಯಂಥ ಎಣ್ಣೆ ಕೊಡಕ್ಕೆ ಬಿತ್ತು.

"ನಾ ಅದನ್ನ ಹೇಳಾವಿದ್ದೆ," ಎಂದ ಅಂದಾನೆಪ್ಪ.

ಪೂಜೆಗೆ ತೆಂಗಿನಕಾಯಿ ತರಲು ಅವನು ಮನೆಗೆ ಹೋದ. ಮಾಮನ ಕೈಗೆ ಬಿಟ್ಟರೆ ಚೆಲ್ಲುತ್ತಾನೆಂದು ಗಿರಮಲ್ಲಪ್ಪ ಒಂದು ಡಬ್ಬಿ ಹೊಸ ಎಣ್ಣೆ ಸುರಿದು ಮುಚ್ಚಳ ಬಿಗಿದ. ಹಳೆಯದು ಚಕ್ಕಡಿಯ ಅಚ್ಚಿಗಾಗಲೆಂದು ಕೊಡ ಹೊತ್ತು ದಡ ಹತ್ತಿದ. ಅಷ್ಟರಲ್ಲಿ ಅಂದಾನೆಪ್ಪ ಬಂದ. ಗಿರಣಿಯವನು ಮರಳುವುದರೊಳಗೆ ಮುಗಿಸಬೇಕೆಂದು ಅವನೂ ಒಂದು ಡಬ್ಬಿ ಸುರಿದ. ಕಡ್ಡಿ ಇಳಿಸಿ ಅಳತೆ ನೋಡುವುದು ಅನುಮಾನ ಇರುವವರ ಕೆಲಸ. ಇಬ್ಬರೂ ಗೆದ್ದವರಂತೆ ನಕ್ಕು ಬೋಟು ಬಿಟ್ಟರು.

ನಡುಹೊಳೆಯಲ್ಲಿ ಎಂಜಿನ್ನು ಆರ್ಭಟಿಸಿ ನೀಲಿ ಹೊಗೆ ಕಾರಿತು. ಹಲಗೆಯ ಸಂದಿಯಿಂದ ಎಣ್ಣೆ ಚಿಮ್ಮಿ ಹಾಲವ್ವನ ಸೆರಗಿಗೆ ಬಿತ್ತು. ಅಂದಾನೆಪ್ಪ ಹೌಹಾರಿ ಎಂಜಿನ್ನು ಬಂದ್ ಮಾಡಿದ. ಬೋಟು ನೀರು ಹೋದತ್ತ ತೇಲತೊಡಗಿತು.

"ನಾ ಎಣ್ಣಿ ಬರೋಬ್ಬರಿ ತುಂಬಿಸಿದ್ನಲ್ಲ!"

"ನೀವ್ ತುಂಬಿಸಿದ್ರಿ? ಮತ್ತ ನಾ ತುಂಬಿಸಿದ್ದು?"

ಹಾಲವ್ವ ಸೆರಗು ನೋಡಿಕೊಂಡಳು. "ಇಬ್ಬರೂ ಶಾಣ್ಯಾರು. ಒಬ್ಬಾವರ ದಡ್ಡ ಇದ್ದಿದ್ರ ಇಷ್ಟೊತ್ತಿಗೆ ಕೂಸಿಗೆ ಹೆಸರ ಇಟ್ಟಿರತಿದ್ದೆ. ಎಳೀರಿ ಪಂಪ!"

ಎಳೆದರು. ಎಷ್ಟು ಎಳೆಯಬೇಕೆಂದೂ ಜಗಳವಾಡಿದರು. ಹಾಲವ್ವ ಕಡ್ಡಿ ಕಸಿದುಕೊಂಡು, ಒರೆಸಿ, ಅದ್ದಿ, ಎಣ್ಣೆ ಗೆರೆಗೆ ಬಂದಾಗ ಸಾಕೆಂದಳು. ಅಷ್ಟರಲ್ಲಿ ಬೋಟು ಮರಳದಿಬ್ಬಕ್ಕೆ ಕಚ್ಚಿಕೊಂಡಿತ್ತು. ಪಂಡಿತರಿಬ್ಬರೂ ಹೊಸ ಧೋತರ ಎತ್ತಿಕಟ್ಟಿ ನೀರಿಗಿಳಿದು ತಳ್ಳಿದರು.

ಗಿರಮಲ್ಲಪ್ಪನ ಮನೆಯಲ್ಲಿ ಆಗಲೇ ದೀಪ ಹಚ್ಚಿದ್ದರು. ಕಾದು ಬೇಸತ್ತ ಹೆಂಗಸರು ಆಕಳಿಸುತ್ತಿದ್ದರು. ಎಷ್ಟು ತಿಕ್ಕಿದರೂ ಕಪ್ಪು ಬಿಡದ ಕೈಯಲ್ಲಿ ಹಾಲವ್ವ ಕೂಸನ್ನೆತ್ತಿಕೊಂಡು ಕಿವಿಯಲ್ಲಿ "ಶಿವಗಂಗವ್ವ" ಎಂದಳು. ಅವಳ ಕಣ್ಣು ತುಂಬಿ ಬಂತು.

ಹೊರಗೆ ಕಟ್ಟೆಯ ಮೇಲೆ ಅಂದಾನೆಪ್ಪ, ಗಿರಮಲ್ಲಪ್ಪ ನಡುಹೊಳೆಯಲ್ಲಿ ಕೆಟ್ಟ ಎಂಜಿನ್ನನ್ನು ತಾವು ಉಳಿಸಿದ ಬಗೆಯನ್ನು ಬೀಗರಿಗೆ ವಿವರಿಸುತ್ತಿದ್ದರು. ಒಬ್ಬನ ಮಾತಿಗೆ ಇನ್ನೊಬ್ಬ ತಲೆಯಾಡಿಸಿದ್ದು ಅದೇ ಮೊದಲು.

ಮರುದಿನ ಹಾಲವ್ವ ಹರಿಗೋಲು ಹತ್ತಿ ಊರಿಗೆ ಮರಳಿದಳು.