ಅಪ್ಪನ ಸಹಿ

ವರ್ಲಿನ್ ಬೆಳಿಗ್ಗೆಯೇ ತನ್ನ ತೆರಿಗೆ ಕಾಗದ ಹುಡುಕಿ ಅಡುಗೆಮನೆಯ ಮೇಜಿನ ಮೇಲಿಟ್ಟುಕೊಂಡು ಮಗಳಿಗಾಗಿ ಕಾಯುತ್ತ ಕೂತಿದ್ದ.

ಆರು ವರ್ಷದ ಹಿಂದೆ ಮಗಳು ಡೆಲ್ಲಾ ಇದೇ ಮೇಜಿಗೆ ಸರ್ಕಾರದ ನೆರವಿನ ಅರ್ಜಿ ತಂದಿದ್ದಳು. ಊರಿನ ಕಾಲೇಜಿನಲ್ಲಿ ಎರಡು ವರ್ಷದ ಡಿಗ್ರಿ. ಉಸಿರಾಟದ ರೋಗಿಗಳನ್ನು ನೋಡಿಕೊಳ್ಳುವ ಕೆಲಸ ಕಲಿಸುತ್ತಿದ್ದರು. ಅಪ್ಪ ಆದಾಯ ಬರೆದು ಸಹಿ ಹಾಕಿದ್ದರೆ ಸರ್ಕಾರವೇ ಫೀಸು ಕಟ್ಟುತ್ತಿತ್ತು.

"ನನ್ನ ದುಡಿಮೆ ಎಷ್ಟು ಅಂತ ವಾಷಿಂಗ್ಟನ್ನಿನೋರಿಗೆ ಯಾಕೆ ಹೇಳ್ಲಿ? ನಮ್ಮನೆಯೋರು ಯಾರ ಮುಂದೂ ಕೈಚಾಚಿದೋರಲ್ಲ!" ಎಂದು ವರ್ಲಿನ್ ಅರ್ಜಿಯನ್ನು ಅತ್ತ ತಳ್ಳಿದ್ದ.

"ಕೈಚಾಚೋಳು ನಾನು ಕಣಪ್ಪ. ನೀನು ಬರೀ ಸಹಿ ಹಾಕು," ಅಂದಿದ್ದಳು.

ಅವನು ಜಗ್ಗಲಿಲ್ಲ. ಅವಳು ಕೋಳಿ ಕಾರ್ಖಾನೆ ಸೇರಿದಳು. ತಣ್ಣನೆಯ ಮಾಂಸ ಕತ್ತರಿಸಿ ಕತ್ತರಿಸಿ ಬೆರಳು ಸೆಟೆದುಕೊಂಡವು. ಅವಳು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುವುದನ್ನು ನೋಡಿದಾಗೆಲ್ಲ ವರ್ಲಿನ್‌ಗೆ ಇದು ತನ್ನಿಂದಲೇ ಆದದ್ದು ಅನ್ನಿಸುತ್ತಿತ್ತು. ತಪ್ಪಾಯ್ತು ಅನ್ನಲು ಮಾತ್ರ ಆಸಾಮಿಗೆ ಬಾಯಿ ಬರಲಿಲ್ಲ.

ಈಗ ಮತ್ತೆ ಅರ್ಜಿ ಹಾಕುತ್ತೇನೆ ಅಂದಿದ್ದಳು. ಬಂದವಳೇ ಲ್ಯಾಪ್‌ಟಾಪ್ ತೆರೆದಳು. ಅವನು ಕಾಗದವನ್ನು ಅವಳ ಕಡೆ ಸರಿಸಿದ.

"ತಗೋ, ಎಲ್ಲಾ ಬರ್ಕೋ. ಸಹಿ ಎಲ್ಲಿ ಹಾಕ್ಬೇಕು, ತೋರ್ಸು."

"ಅದೆಲ್ಲ ಬೇಡಪ್ಪ. ಇಪ್ಪತ್ನಾಲ್ಕು ತುಂಬಿದ್ಮೇಲೆ ಅಪ್ಪ ಅಮ್ಮನ ಆದಾಯ ಕೇಳಲ್ಲ. ಅದಕ್ಕೇ ಇಷ್ಟು ವರ್ಷ ಕಾದೆ."

"ಎಲ್ಲೂ ನನ್ನ ಸಹಿ ಬೇಡ್ವಾ?"

"ಎಲ್ಲೂ ಬೇಡ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸೆಟೆದ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತತೊಡಗಿದಳು.