ಕುರ್ಚಿಯ ಮೇಲಿನ ಕೋಟು

"ಏಯ್, ಪೊರಕೆ ಹಿಡಿಯೋ ಕೈಲಿ ಸೂಜಿ ಹಿಡಿದಿದೀಯಲ್ಲೇ, ಮುಂಡೇದೆ! ಕೆಳಗಿಡು!"

ಬಾಗಿಲಲ್ಲಿ ಮೇಲಧಿಕಾರಿ ನಿಂತಿದ್ದ. ಯಾವ ಆಸ್ಪತ್ರೆಯಲ್ಲಿ ಎಷ್ಟು ಡಾಕ್ಟರಿದ್ದಾರೆ, ಏನೇನು ಓದಿದ್ದಾರೆ ಎಂದು ಬರೆದುಕೊಳ್ಳಲು ಬಂದ ಮಹಾನುಭಾವ. ನಾನು ಆ ಆಸ್ಪತ್ರೆಯ ಕಸ ಗುಡಿಸುವವಳು. ಬೆಂಚಿನ ಮೇಲೆ ಮಲಗಿದ್ದವನು ಕಲ್ಲು ಒಡೆಯುವ ನನ್ನ ತಮ್ಮ. ಅವನ ತೊಡೆ ಗೇಣುದ್ದ ಸೀಳಿತ್ತು. ಮೂರು ಹೊಲಿಗೆ ಹಾಕಿದ್ದೆ, ಇನ್ನೂ ನಾಲ್ಕು ಬೇಕಿತ್ತು. ಮೊದಲಿದ್ದ ನರ್ಸಮ್ಮ ನನಗೆ ಕೈ ಹಿಡಿದು ಕಲಿಸಿದ್ದರು. ಅವರು ನಿವೃತ್ತಿಯಾದ ಮೇಲೆ ಆ ಜಾಗಕ್ಕೆ ನರಪಿಳ್ಳೆಯೂ ಬರಲಿಲ್ಲ.

ಸೂಜಿ ತಟ್ಟೆಯಲ್ಲಿಟ್ಟೆ.

"ಏನೇ ಓದಿದೀಯ ನೀನು?"

"ಏನೂ ಇಲ್ಲ ಸಾರ್."

"ಮತ್ತೆ? ಜೈಲಿಗೆ ಹಾಕಿಸ್ತೀನಿ. ಇವನನ್ನ ಪೇಟೆಗೆ ಸಾಗಿಸು."

ಪೇಟೆಗೆ ಬಸ್ಸಿನಲ್ಲಿ ಮೂರು ಗಂಟೆ ದಾರಿ. ಅಲ್ಲಿ ಒಂದೇ ಬೀದಿಯಲ್ಲಿ ಹನ್ನೊಂದು ಕ್ಲಿನಿಕ್ಕುಗಳಿವೆ. ಅದರಲ್ಲಿ ನಮ್ಮ ಡಾಕ್ಟರದ್ದೂ ಒಂದು. ಸಂಬಳ ಮಾತ್ರ ಇಲ್ಲಿಂದ.

"ಅಷ್ಟೊತ್ತಿಗೆ ರಕ್ತ ಎಲ್ಲಾ ಬಸಿದು ಹೋಗುತ್ತೆ ಸ್ವಾಮಿ," ಎಂದ ತಮ್ಮ. ಅವನ ತುಟಿ ಬೆಳ್ಳಗಾಗಿತ್ತು.

ಅಧಿಕಾರಿ ಮೂಗಿಗೆ ಕರವಸ್ತ್ರ ಒತ್ತಿಕೊಂಡು ನಮ್ಮ ಆಸ್ಪತ್ರೆಯ ಗುಮಾಸ್ತನ ಕಡೆ ತಿರುಗಿದ. "ಡಾಕ್ಟರೆಲ್ಲಿ?"

ಗುಮಾಸ್ತ ಹಲ್ಲು ಕಿರಿಯುತ್ತ ಕುರ್ಚಿ ತೋರಿಸಿದ. ಅದರ ಬೆನ್ನಿಗೆ ಬಿಳಿ ಕೋಟು ಹಾಕಿತ್ತು. ವಾರಕ್ಕೊಮ್ಮೆ ಅದನ್ನು ಒಗೆದು, ಇಸ್ತ್ರಿ ಮಾಡಿ, ಅಲ್ಲಿ ನೇತುಹಾಕುವುದು ನನ್ನ ಕೆಲಸ. ಕೋಟಿದ್ದರೆ ಡಾಕ್ಟರಿದ್ದಾರೆ, ಈಗಷ್ಟೇ ಹೊರಗೆ ಹೋದರು ಎಂದು ಅರ್ಥ. ಈಗಷ್ಟೇ ಹೊರಗೆ ಹೋದ ಡಾಕ್ಟರ ಮುಖ ನೋಡಿ ಎರಡು ವರ್ಷವಾಗಿತ್ತು.

ಅಧಿಕಾರಿಗೆ ಗೊತ್ತಿಲ್ಲದ್ದೇನಲ್ಲ. ಗೋಡೆಯ ಫಲಕದಲ್ಲಿದ್ದ ಡಿಗ್ರಿಗಳನ್ನೆಲ್ಲ ನಿಧಾನವಾಗಿ ನಕಲು ಮಾಡಿದ. "ವೈದ್ಯರು ಒಬ್ಬರು. ಹಾಜರು," ಎಂದು ಗಟ್ಟಿಯಾಗಿ ಹೇಳಿಕೊಳ್ಳುತ್ತ ಬರೆದು, ಸಹಿ ಹಾಕಿದ. ಅಷ್ಟು ಹೊತ್ತೂ ನನ್ನ ತಮ್ಮನ ರಕ್ತ ಬೆಂಚಿನಿಂದ ತೊಟ್ಟಿಕ್ಕುತ್ತಿತ್ತು.

ಎದ್ದೆ. ಕುರ್ಚಿಯಿಂದ ಕೋಟು ತೆಗೆದು ಹಾಕಿಕೊಂಡೆ.

"ಏಯ್! ತೆಗಿಯೇ ಅದನ್ನ!"

"ಯಾಕೆ ಸಾರ್? ಈಗ ತಾನೇ ಈ ಕೋಟಿಗೆ ಹಾಜರಿ ಹಾಕಿದ್ರಲ್ಲ. ನನ್ನ ಜೈಲಿಗೆ ಹಾಕ್ಸೋದಾದ್ರೆ ಹಾಕ್ಸಿ. ಮೊದಲು ಆ ಹಾಜರಿ ಹೊಡೆದುಹಾಕಿ, ಡಾಕ್ಟರು ಇಲ್ಲ ಅಂತ ಬರೀರಿ."

ಪೆನ್ನು ಅವನ ಕೈಯಲ್ಲೇ ಉಳಿಯಿತು.

"ನೀ ಹೊಲಿಗೆ ಹಾಕಕ್ಕಾ," ಎಂದ ತಮ್ಮ ಹಲ್ಲು ಕಚ್ಚಿ. "ಆ ಬೋಳಿಮಗ ಬರೀತಾ ಕೂತಿರ್ಲಿ."

ಇಸ್ತ್ರಿ ಮಾಡಿದ ತೋಳನ್ನು ಮೊಣಕೈವರೆಗೆ ಮಡಚಿ, ನಾಲ್ಕನೇ ಹೊಲಿಗೆ ಹಾಕಿದೆ.