ರಜೆಯಲ್ಲಿ ದನಿ ರಿಪೇರಿ ಮಾಡಿಸಿಕೊಂಡ ಟೀಚರ್

ನಮ್ಮ ಪಕ್ಕದ ಮನೆ ಟೀಚರ ಗಂಟಲು ಚಳಿಗಾಲದಲ್ಲಿ ಕಟ್ಟಿದ್ದು ಮತ್ತೆ ಬಿಡಲೇ ಇಲ್ಲ. ಒಂದನೇ ತರಗತಿ ಮಕ್ಕಳ ಗಲಾಟೆಯ ಮೇಲೆ ದನಿ ಏರಿಸಿ ಏರಿಸಿ, ಪರೀಕ್ಷೆ ಮುಗಿಯುವ ಹೊತ್ತಿಗೆ ಅವಳ ಅರ್ಧ ಪಾಠ ಕೈಸನ್ನೆಯಲ್ಲೇ ನಡೆಯುತ್ತಿತ್ತು. ನಾನು ಬಸ್ಸಿನಲ್ಲಿ ಕಂಡಕ್ಟರಾಗಿದ್ದವನು. ಕಿರುಚುವ ಕೆಲಸ ಎಂದರೇನು ಅಂತ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಬೇಸಿಗೆ ರಜೆ ಬಂತು. ಗಂಟಲಿಗೆ ವಿಶ್ರಾಂತಿ ಕೊಡುತ್ತೇನೆ ಅಂತ ಅವಳು ಬೆಳಗಿನಿಂದ ರಾತ್ರಿಯವರೆಗೆ ಪಿಸುಮಾತು ಹಿಡಿದಳು. ಗಂಡನ ಹತ್ತಿರ ಪಿಸುಮಾತು, ಫೋನಿನಲ್ಲೂ ಪಿಸುಮಾತು. ತರಕಾರಿಯವನಂತೂ ಏನೋ ಗುಟ್ಟಿರಬೇಕು ಅಂದುಕೊಂಡು, ಅತ್ತಿತ್ತ ನೋಡಿ ಟೊಮೆಟೊ ಬೆಲೆಯನ್ನು ತಾನೂ ಕಿವಿಯಲ್ಲಿ ಹೇಳಿದ. ಆದರೆ ದನಿ ಮಾತ್ರ ದಿನದಿಂದ ದಿನಕ್ಕೆ ಇನ್ನೂ ಕೆಟ್ಟಿತು.

ಒಂದು ಸಂಜೆ ನನ್ನನ್ನು ಕೂರಿಸಿಕೊಂಡು ಹೇಳಿದಳು. "ಮಾವ, ಇನ್ನು ಪಾಠ ನನ್ನ ಕೈಲಾಗಲ್ಲ. ಶಾಲೆ ತೆರೆಯೋ ಮೊದಲೇ ಆಫೀಸ್ ಕೆಲಸಕ್ಕೆ ಹಾಕಿ ಅಂತ ಕೇಳ್ತೀನಿ."

ಹೇಳುವಾಗ ಅವಳ ಕಣ್ಣು ತುಂಬಿತ್ತು. ನನಗೂ ಕಸಿವಿಸಿಯಾಯಿತು.

"ಡಾಕ್ಟರಿಗೆ ತೋರಿಸಿದ್ಯೇನಮ್ಮ?"

ಉತ್ತರ ಕೊಟ್ಟದ್ದು ಅವಳ ಅತ್ತೆ, ಅದೂ ಅಡುಗೆಮನೆಯೊಳಗಿಂದ. "ಗಂಟಲು ಕಟ್ಟಿದ್ದಕ್ಕೆಲ್ಲ ಯಾವ ಡಾಕ್ಟರಣ್ಣ? ಬಾಯಿ ತೆಗಿ ಅಂತಾರೆ, ಆಮೇಲೆ ಕತ್ತರಿ ಹಾಕ್ತಾರೆ. ಇರೋ ಚೂರು ದನೀನೂ ಹೋಗುತ್ತೆ."

ಅತ್ತೆಯ ಮಗಳು, ಅಂದರೆ ಟೀಚರ ನಾದಿನಿ, ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ನರ್ಸು. ಅವತ್ತು ತವರಿಗೆ ಬಂದಿದ್ದಳು. ಇದನ್ನೆಲ್ಲ ಕೇಳಿ ಹೊರಗೆ ಬಂದಳು.

"ಅತ್ತಿಗೆ, ಯಾಕೆ ಪಿಸುಗುಟ್ತಿದ್ದೀರ?"

"ಗಂಟಲಿಗೆ ರೆಸ್ಟ್."

"ಇದು ರೆಸ್ಟಾ? ಗಂಟಲು ಬಿಗಿ ಹಿಡಿದು ಗಾಳಿ ತಳ್ತಿದ್ದೀರ. ಕಾಲು ನೋವು ಅಂತ ತುದಿಗಾಲಲ್ಲಿ ಓಡಾಡಿದ ಹಾಗಾಯ್ತು. ದನಿ ಒಡೆದು ಮೂರು ವಾರ ದಾಟಿದ್ರೆ ತೋರಿಸ್ಲೇಬೇಕು. ಕೆಲವರಿಗೆ ದೊಡ್ಡ ಕಾಯಿಲೆಯ ಮೊದಲ ಗುರುತೂ ಇದೇ ಆಗಿರುತ್ತೆ."

"ಹೆದರಿಸ್ಬೇಡ ಕಣೇ ಅವಳನ್ನ," ಎಂದಳು ತಾಯಿ.

"ಹೆದರಿರೋಳು ನೀನಮ್ಮ. ನೀನೂ ಜೊತೇಲಿ ಬಾ. ಕತ್ತರಿ ಕಂಡ್ರೆ ಸೊಸೇನ ಎಳ್ಕೊಂಡು ಬಂದ್ಬಿಡು."

ಅತ್ತೆ ನಿಜವಾಗಿಯೂ ಹೋದಳು. ಡಾಕ್ಟರು ಮೂಗಿನಿಂದ ಸಣ್ಣ ಕ್ಯಾಮೆರಾ ಇಳಿಸಿ, ಪರದೆಯ ಮೇಲೆ ಗಂಟಲನ್ನು ತೋರಿಸಿದರಂತೆ. ಬಂದವಳೇ ನನಗೆ ವರದಿ ಒಪ್ಪಿಸಿದಳು.

"ದನಿ ಹೊರಡೋ ಜಾಗದಲ್ಲಿ ಎರಡು ಸಣ್ಣ ಗಂಟು ಅಣ್ಣ. ಗುದ್ದಲಿ ಹಿಡಿದವರ ಅಂಗೈ ಜಡ್ಡುಗಟ್ಟುತ್ತಲ್ಲ, ಹಾಗೆ. ಕತ್ತರಿ ಬೇಡವಂತೆ, ವ್ಯಾಯಾಮ ಸಾಕಂತೆ."

"ಗಂಟಲಿಗೆ ವ್ಯಾಯಾಮವೇ? ದಂಡ ಹೊಡೀಬೇಕಾ?"

"ನಿಮ್ಮ ತಲೆ. ಲೋಟದ ನೀರಲ್ಲಿ ಸ್ಟ್ರಾ ಇಟ್ಟು, ಊ ಅಂತ ಗುಳ್ಳೆ ಎಬ್ಬಿಸ್ಬೇಕು."

ಉಳಿದ ರಜೆಯೆಲ್ಲ ಆ ಮನೆಯಲ್ಲಿ ಗುಳ್ಳೆಯ ಸದ್ದು. ಆಸ್ಪತ್ರೆಯಲ್ಲಿ ದನಿ ತರಬೇತಿ ಕೊಡುವವರು ಇನ್ನೂ ಕೆಲವು ಪಾಠ ಹೇಳಿದರು. ಪದೇ ಪದೇ ಕೆಮ್ಮಿ ಗಂಟಲು ಸರಿಮಾಡಿಕೊಳ್ಳಬಾರದು, ಆಗಾಗ ನೀರು ಗುಟುಕರಿಸಬೇಕು, ಗಲಾಟೆಯ ಮೇಲೆ ಕೂಗಬಾರದು.

"ಕೂಗದೆ ಒಂದನೇ ತರಗತಿ ಹೇಗೆ ಸಂಭಾಳಿಸ್ತೀಯ?" ಅಂತ ಒಂದು ದಿನ ನನ್ನೆದುರಿಗೇ ಅತ್ತೆ ಕೇಳಿದಳು.

"ನೀವಿಬ್ರೂ ಮಕ್ಕಳಾಗಿ. ತೋರಿಸ್ತೀನಿ."

ನಾವು ನಡುಮನೆಯಲ್ಲಿ ಚಾಪೆಯ ಮೇಲೆ ಕೂತೆವು. ನಾನು ತಟ್ಟೆ ಬಡಿದೆ. ಅತ್ತೆ ನನಗಿಂತ ಒಂದು ಕೈ ಮೇಲು, ನನ್ನ ಕನ್ನಡಕ ಕಿತ್ತುಕೊಂಡು ಟೀಚರಿಗೆ ನನ್ನ ಮೇಲೇ ದೂರು ಹೇಳಿದಳು. ಟೀಚರ್ ಬಾಯಿ ಬಿಡಲಿಲ್ಲ. ತಾಳ ಹಿಡಿದು ಚಪ್ಪಾಳೆ ತಟ್ಟಿದಳು, ಕೈ ಮೇಲೆತ್ತಿ ಸುಮ್ಮನೆ ನಿಂತಳು. ನಮಗೇ ನಾಚಿಕೆಯಾಗಿ ತೆಪ್ಪಗಾದೆವು. ಆಮೇಲೆ ಅತ್ತೆಯ ಕೈಯಿಂದ ಕನ್ನಡಕ ತೆಗೆದುಕೊಂಡು ನನ್ನ ಪಕ್ಕಕ್ಕೇ ಬಂದು, ಮಾಮೂಲಿ ದನಿಯಲ್ಲಿ, "ಕನ್ನಡಕ ಹಾಕ್ಕೊಂಡು ಓದು, ಮರಿ," ಎಂದಳು.

ಆ ದನಿ ಇನ್ನೂ ಪೂರ್ತಿ ತಿಳಿಯಾಗಿರಲಿಲ್ಲ. ಆದರೆ ಅದು ಅವಳದೇ ದನಿ, ಪಿಸುಮಾತಲ್ಲ.

ಅಂದಿನಿಂದ ಅತ್ತೆ ಸೊಸೆಯನ್ನು ಅಡುಗೆಮನೆಯಿಂದ ಕೂಗುವುದು ಬಿಟ್ಟಳು. ಬೇಕಾದರೆ ಎದ್ದು, ಅವಳಿದ್ದಲ್ಲಿಗೇ ಹೋಗಿ ಮಾತಾಡುತ್ತಾಳೆ. ಶಾಲೆ ತೆರೆದ ದಿನ ಆಫೀಸ್ ಕೆಲಸದ ಮಾತೇ ಬರಲಿಲ್ಲ. ಟೀಚರ್ ನೀರಿನ ಬಾಟಲಿ ಹಿಡಿದು ಸೀದಾ ಒಂದನೇ ತರಗತಿಗೆ ನಡೆದಳು. ವ್ಯಾಯಾಮ ಈಗಲೂ ನಡೆದಿದೆ.

ಈಗ ನಿಮಗೆ ಹೇಳುತ್ತೇನೆ. ಪಾಠ ಹೇಳುವವರು, ಬೀದಿಯಲ್ಲಿ ಕೂಗಿ ಮಾರುವವರು, ದಿನವಿಡೀ ಫೋನಿನಲ್ಲಿ ಮಾತಾಡುವವರು, ಎಲ್ಲರೂ ಕೇಳಿ. ರಜೆಯಲ್ಲಿ ಮನೆಗೆ ಬಣ್ಣ ಹೊಡೆಸುತ್ತೀರಿ, ಫ್ಯಾನು ಒರೆಸುತ್ತೀರಿ. ಅನ್ನ ಹಾಕುವ ಗಂಟಲನ್ನು ಮಾತ್ರ ಹಾಗೇ ಬಿಡುತ್ತೀರಿ. ದನಿ ಒಡೆದು ಮೂರು ವಾರವಾದರೂ ಸರಿಹೋಗದಿದ್ದರೆ ಪಿಸುಗುಟ್ಟುತ್ತಾ ಕೂರಬೇಡಿ. ಕಿವಿ-ಮೂಗು-ಗಂಟಲು ಡಾಕ್ಟರ ಹತ್ತಿರ ಹೋಗಿ ತೋರಿಸಿ. ಒಬ್ಬರೇ ಹೋಗಲು ಅಂಜಿಕೆಯಾದರೆ, ಬೇಡ ಅಂದವರನ್ನೇ ಜೊತೆಗೆ ಕರೆದುಕೊಂಡು ಹೋಗಿ.